ತಣ್ಣೀರ ಸದ್ದು

ಕಂಡಕ್ಟರ್ ಏನೋ ಕೇಳಿದ. ರೇಣುಕಪ್ರಸಾದ ಹೂಂ ಎಂದು ತಲೆಯಾಡಿಸಿದ. ಅವನು ಮತ್ತೆ ಏನೋ ಕೇಳಿದಾಗ ಇವನು ಮತ್ತೆ ತಲೆಯಾಡಿಸಿ, ಜೊತೆಗೆ ಸ್ವಲ್ಪ ನಕ್ಕ. ನಗುವುದು ಅಪಾಯವಿಲ್ಲದ ಉತ್ತರವೆಂದು ಈಚೆಗೆ ಕಂಡುಕೊಂಡಿದ್ದ. ರಸ್ತೆಬದಿಯ ಹಾಲಿನ ಕೇಂದ್ರದ ಬಿಳಿ ಕಾಂಪೌಂಡು ಕಿಟಕಿಯಲ್ಲಿ ಹಿಂದಕ್ಕೆ ಸರಿದು ಹೋದ ಮೇಲೆ ತಿಳಿಯಿತು: ಇಲ್ಲೇ ಇಳಿಯುತ್ತೀರೋ, ಜಗಳೂರಿಗೇ ಬರುತ್ತೀರೋ ಎಂದು ಅವನು ಕೇಳಿರಬೇಕು. ಎದ್ದು ನಿಂತು ಕೂಗಿ ಬಸ್ಸು ನಿಲ್ಲಿಸಿದಾಗ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರನ ತುಟಿ ಅಲ್ಲಾಡಿತು, ಯಾರೋ ಹಲ್ಲು ಬಿಟ್ಟರು. ಏನಂದನೋ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಕೇಳಿಸಿದ್ದರೆ ಒಂದೇ ಬೈಗುಳ. ಕೇಳಿಸದಿದ್ದರೆ ತಾನಾಗಿ ಹತ್ತು ಕಲ್ಪಿಸಿಕೊಳ್ಳಬೇಕು. ಹೆಗಲಿಗೆ ಚೀಲ ಏರಿಸಿಕೊಂಡು ಬಿಸಿಲಲ್ಲಿ ಹಿಂದಕ್ಕೆ ನಡೆಯತೊಡಗಿದ. ಎರಡೂ ಕಡೆ ಮೆಕ್ಕೆಜೋಳ ಕೊಯ್ದ ಹೊಲ, ಅದರಲ್ಲಿ ಬಿಟ್ಟ ಕುರಿಹಿಂಡು. ಕುರಿಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಅರಚುತ್ತಿರಬೇಕು.

ಹೂತಿಟ್ಟ ಕೊಳವೆಯಲ್ಲಿ ನೀರು ಎಲ್ಲಿ ಸೋರುತ್ತದೆ ಎಂದು ನೆಲದ ಮೇಲಿಂದ ಕೇಳಿ ಹೇಳುವುದು ಅವನ ಕೆಲಸ. ಚೀಲದಲ್ಲಿ ಅದರ ಸಾಮಾನಿದೆ: ನೆಲಕ್ಕೆ ಊರುವ ಗುಂಡಗಿನ ಮೈಕು, ಒಂದು ಡಬ್ಬಿ, ಹೆಡ್‌ಫೋನು. ಒತ್ತಡದಲ್ಲಿರುವ ನೀರು ಸಣ್ಣ ತೂತಿನಿಂದ ನುಗ್ಗುವಾಗ ಒಂದು ಸದ್ದು ಮಾಡುತ್ತದೆ. ಸೂಳೆಕೆರೆ ದಂಡೆಯ ಮೀನಿನ ಐಸ್ ಫ್ಯಾಕ್ಟರಿಯಲ್ಲಿ, ಹೊನ್ನಾಳಿಯ ಕೋಲ್ಡ್ ಸ್ಟೋರೇಜಿನಲ್ಲಿ, ಅವನು ಮೊಣಕಾಲೂರಿ ಕಣ್ಣು ಮುಚ್ಚಿ ಕೂತು, ಆಮೇಲೆ ಬೆರಳು ತೋರಿಸಿದರೆ ಗುದ್ದಲಿ ಅಲ್ಲಿಗೇ ಬೀಳುತ್ತಿತ್ತು. ಸುತ್ತ ನಿಂತವರು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಅವನನ್ನು ಯಾರಾದರೂ ಹಾಗೆ ನೋಡಿದ್ದು ಆ ಗಳಿಗೆಗಳಲ್ಲಿ ಮಾತ್ರ. ಈಗ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅದರ ದಾರಿ ಹಿಡಿದಿದೆ. ಯಾರಿಗೂ ಹೇಳಿಲ್ಲ. ಸದ್ದು ಕೇಳಿ ಬದುಕುವವನು ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡು ಬಂದರೆ ಯಾರು ಕರೆದಾರು? ಕರೆಯದಿದ್ದರೆ ಹೊನ್ನಾಳಿಯ ಮನೆಯ ಪಡಸಾಲೆಯಲ್ಲಿ ಕೂತು ಗೋಡೆ ನೋಡಬೇಕು. ಆ ಗೋಡೆ ಅವನಿಗೆ ಈಗಾಗಲೇ ಚೆನ್ನಾಗಿ ಪರಿಚಯವಾಗಿತ್ತು.

ಹೆಂಡತಿ ಶಿವಲೀಲಾ ಒಲೆ ಕಡೆ ಮುಖ ಮಾಡಿಕೊಂಡೇ ಮಾತಾಡುವವಳು. ಮದುವೆಯಾದಾಗಿನಿಂದ ಹಾಗೇ, ಒಗ್ಗರಣೆಯ ಚಟಪಟದ ನಡುವೆ ಊರಿನ ಸಮಾಚಾರವೆಲ್ಲ ಬರುತ್ತಿತ್ತು. ಈಗ ಅವಳ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಅಲ್ಲಾಡಿದರೆ ಇವನು ಹೂಂ ಎನ್ನುತ್ತಾನೆ. ಮೊದಮೊದಲು ತಿರುಗಿ ನೋಡುತ್ತಿದ್ದಳು, ಆಮೇಲೆ ನೋಡುವುದನ್ನೂ ಬಿಟ್ಟಳು, ಕೊನೆಗೆ ಮಾತೇ ಕಡಿಮೆಯಾಯಿತು. ಬೇಸರವಾಗಿರಬೇಕು ತನ್ನ ಮೇಲೆ, ಆಗಲಿ, ಗುಟ್ಟು ಬಯಲಾಗುವುದಕ್ಕಿಂತ ವಾಸಿ ಎಂದುಕೊಂಡಿದ್ದ. ಫೋನಂತೂ ಅವನಿಗೆ ಯಮ. ಅದಕ್ಕೊಂದು ಉಪಾಯ ಮಾಡಿದ್ದ: ಈ ಮೊಬೈಲಿನ ಸಹವಾಸ ನನಗೆ ಬೇಡ, ತಲೆನೋವು ಬರುತ್ತದೆ, ಯಾರು ಮಾಡಿದರೂ ನೀನೇ ಮಾತಾಡಿ ಊರು ಯಾವುದು ಎಂದು ಹೇಳು, ನಾನು ಹೋಗಿ ಬರುತ್ತೇನೆ. ಅವಳು ಒಪ್ಪಿದಳು. ಚನ್ನಗಿರಿಗೆ ಕೊಟ್ಟ ಮಗಳು ಅಕ್ಷಿತಾಳ ಜೊತೆಗೂ ಈಗ ಅವಳೇ ಮಾತು. ಎಷ್ಟು ಸುಲಭವಾಗಿ ಮೋಸ ಹೋದಳಲ್ಲ ಎಂದು ಅವನಿಗೆ ಆಗಾಗ ಅನಿಸಿ, ಅವಳ ಮೇಲೆ ಕನಿಕರವೂ ತನ್ನ ಜಾಣತನದ ಮೇಲೆ ಅಸಹ್ಯವೂ ಒಟ್ಟಿಗೆ ಬರುತ್ತಿತ್ತು.

ಗೇಟಿನಲ್ಲಿ ಕೇಂದ್ರದ ಮ್ಯಾನೇಜರ್ ಗುರುಬಸವರಾಜ್ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು, ಹಣೆಯಲ್ಲಿ ವಿಭೂತಿ. "ಬರ್ರಿ ಬರ್ರಿ, ನಿಮ್ಮದೇ ದಾರಿ ನೋಡ್ತಿದ್ವಿ" ಎಂದು ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದ. ಒಳ್ಳೆಯ ಉಚ್ಚಾರಣೆಯ ಮನುಷ್ಯ ಎಂದು ರೇಣುಕಪ್ರಸಾದನಿಗೆ ಸಂತೋಷವಾಯಿತು. ವಿಷಯ ಇಷ್ಟು: ಹಿತ್ತಲ ಮಿಷನ್ ರೂಮಿನ ತೊಟ್ಟಿಯಲ್ಲಿ ಐಸ್ ಕಟ್ಟುತ್ತದೆ. ಐಸಿಗೆ ತಾಗಿ ತಣ್ಣಗಾದ ನೀರನ್ನು ಪಂಪು ನೆಲದೊಳಗಿನ ಕೊಳವೆಯಲ್ಲಿ ಮುಂಭಾಗದ ಹಾಲಿನ ಕೋಣೆಗೆ ತಳ್ಳುತ್ತದೆ, ಅಲ್ಲಿ ಹಾಲು ತಂಪಾಗುತ್ತದೆ, ನೀರು ಇನ್ನೊಂದು ಕೊಳವೆಯಲ್ಲಿ ವಾಪಸು ಬರುತ್ತದೆ. ನಾಲ್ಕಾರು ದಿನದಿಂದ ತೊಟ್ಟಿಯ ನೀರು ಇಳಿಯುತ್ತಿದೆ. ಕಡಿಮೆಯಾದಷ್ಟಕ್ಕೂ ಬಿಸಿಲಲ್ಲಿ ಕಾದ ಬೋರಿನ ನೀರು ಸುರಿಯಬೇಕು, ಐಸ್ ಕರಗುತ್ತಿದೆ. ನೆಲದ ಮೇಲೆ ಎಲ್ಲೂ ಒಂದು ಹನಿ ಒದ್ದೆಯಿಲ್ಲ. ಈ ಸೀಮೆಯ ಮಣ್ಣು ಎಷ್ಟು ಕೊಟ್ಟರೂ ಕುಡಿಯುತ್ತದೆ. "ಸಂಜೆ ಹಾಲು ಬರಾದ್ರೊಳಗೆ ಆಗ್ಬೇಕ್ರಿ. ಇಲ್ಲಾಂದ್ರೆ ಸುತ್ತಲ ಹಳ್ಳಿ ಹಾಲೆಲ್ಲ ಮೋರಿಗೆ."

ಮಿಷನ್ ರೂಮಿಗೆ ಹೋಗಿ ಪಂಪು ನೋಡಿದ. ಓಡುತ್ತಿತ್ತು. ಕೊಳವೆಯ ಮೇಲೆ ಅಂಗೈ ಇಟ್ಟ. ಮೇಲೆ ಸುತ್ತಿದ ಕರಿ ಹೊದಿಕೆಯನ್ನೂ ದಾಟಿ ಸಣ್ಣ ನಡುಕ ಕೈಗೆ ಬಂತು. "ಇದು ನಿಲ್ಲಬಾರದು" ಎನ್ನಬೇಕೆಂದುಕೊಂಡ. ಆದರೆ ಆಪರೇಟರ್ ಕೆಂಚೇಶ್ ಏನೋ ಹೇಳುತ್ತ ಎದುರಿಗೇ ನಿಂತಿದ್ದ. ದೊಡ್ಡ ಕಂಪ್ರೆಸರಿನ ಗುಡುಗಿನಲ್ಲಿ ಅವನ ಮಾತು ಪೂರ್ತಿ ಮುಳುಗಿತ್ತು. ತಾನೊಂದು ಹೇಳಿದರೆ ಅವನೊಂದು ತಿರುಗಿ ಕೇಳುತ್ತಾನೆ, ಅದಕ್ಕೆ ತಾನು ಉತ್ತರ ಕೊಡಬೇಕು. ನ್ಯಾಮತಿಯಲ್ಲಿ ಆದದ್ದು ನೆನಪಾಯಿತು. ನೆಂಟರ ಮನೆಯ ಜಗಲಿಯಲ್ಲಿ ಯಾರೋ ಹಿರಿಯರು ಕೈ ಹಿಡಿದುಕೊಂಡು ಏನೋ ಹೇಳಿದ್ದರು. ಇವನು ನಕ್ಕು "ಒಳ್ಳೇದಾಯ್ತು ಬಿಡಿ" ಎಂದಿದ್ದ. ಅವರು ಹೇಳಿದ್ದು ತಮ್ಮ ತಂಗಿ ತೀರಿಹೋದ ಸುದ್ದಿ. ಅಂದಿನಿಂದ ಆ ಮನೆಯ ಕಡೆ ತಲೆಹಾಕಿಲ್ಲ. ಹೀಗೆ ಒಂದೊಂದೇ ಮನೆ, ಒಂದೊಂದೇ ಬೀದಿ ಬಿಡುತ್ತ ಬಂದು, ಈಗ ಅವನಿಗೆ ನಡೆಯಲು ಉಳಿದಿದ್ದ ಜಾಗವೇ ಕಡಿಮೆ. ಕೆಂಚೇಶನ ಹೆಗಲು ತಟ್ಟಿ, ಏನೂ ಹೇಳದೆ ಹೊರಗೆ ಬಂದ.

ಅಂಗಳದಲ್ಲಿ ಅಗೆಯಲು ಸೊಕ್ಕೆ ಹಳ್ಳಿಯಿಂದ ಬಂದ ಗಂಡಹೆಂಡತಿ ತಯಾರಾಗಿದ್ದರು. ಪಾಲಣ್ಣ ಗುದ್ದಲಿಯ ಮೇಲೆ ಗದ್ದ ಊರಿ ನಿಂತಿದ್ದ, ಕೊಲ್ಲಾಪುರಮ್ಮ ಮಂಕರಿಯ ಪಕ್ಕ ಸೆರಗು ಸಿಕ್ಕಿಸಿಕೊಂಡು ಕೂತಿದ್ದಳು. ರೇಣುಕಪ್ರಸಾದ ಕೊಳವೆ ಹೋದ ಗೆರೆಯ ಮೇಲೆ ಮೊಣಕಾಲೂರಿ ಮೈಕು ಇಟ್ಟು ಹೆಡ್‌ಫೋನು ಏರಿಸಿದ. ಗುರುಬಸವರಾಜ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿದ್ದು ಕಾಣಿಸಿತು. ಕ್ಯಾನು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ಪಾಲಣ್ಣ ಕೆಮ್ಮು ಬಂದದ್ದನ್ನು ನುಂಗಿ ಕಣ್ಣು ಕೆಂಪು ಮಾಡಿಕೊಂಡ. ಇಷ್ಟು ಮರ್ಯಾದೆ ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ. ಕಣ್ಣು ಮುಚ್ಚಿದ. ಡಬ್ಬಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಒಂದು ಮಂದವಾದ ಗುಂಯ್‌ಗುಡುವಿಕೆ, ಅದು ಕಂಪ್ರೆಸರಿನದು; ಅದರ ಅಡಿಯಲ್ಲಿ ಏನೂ ಇಲ್ಲ. ಒಂದು ಮಾರು ಸರಿದ. ಏನೂ ಇಲ್ಲ. ಇನ್ನೊಂದು ಮಾರು. ಬಾವಿಗೆ ಕಲ್ಲು ಹಾಕಿ ಕಾದು ಕಾದು ಸದ್ದೇ ಬಾರದ ಹಾಗೆ. ಗೆರೆಯ ಆ ತುದಿಯಿಂದ ಈ ತುದಿಯವರೆಗೂ ಹೋಗಿ ಬಂದ. ಬೆವರು ಹೆಡ್‌ಫೋನಿನ ಮೆತ್ತೆಯೊಳಗೆ ಇಳಿಯಿತು. ಇಂದೇ ಆ ದಿನ ಎಂದುಕೊಂಡ. ಒಂದು ದಿನ ಬರುತ್ತದೆಂದು ಗೊತ್ತಿತ್ತು, ಇಷ್ಟು ಪೂರ್ತಿಯಾಗಿ, ಒಂದು ಪಿಸುಮಾತನ್ನೂ ಉಳಿಸದೆ ಬರುತ್ತದೆಂದು ಗೊತ್ತಿರಲಿಲ್ಲ. ಕಣ್ಣು ತೆರೆದಾಗ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬೆರಳು ತೋರಿಸಿದ.

ಎಲ್ಲಿಗೆ ತೋರಿಸಿದನೋ ಅವನಿಗೇ ಗೊತ್ತಿಲ್ಲ. ಪಾಲಣ್ಣ ಅಗೆದ. ಗಟ್ಟಿ ಮೊರಂಬು, ಗುದ್ದಲಿ ಬಿದ್ದಲ್ಲೆಲ್ಲ ಕಿಡಿ. ಕೊಲ್ಲಾಪುರಮ್ಮ ಮಂಕರಿ ತುಂಬಿ ತುಂಬಿ ಹೊತ್ತು ಹಾಕಿದಳು. ಕೊಳವೆ ಸಿಕ್ಕಿತು, ಅದರ ಹೊದಿಕೆ ಹಪ್ಪಳದ ಹಾಗೆ ಒಣಗಿತ್ತು. ರೇಣುಕಪ್ರಸಾದ ಗಂಭೀರವಾಗಿ ಬಗ್ಗಿ ನೋಡಿ, "ಸ್ವಲ್ಪ ಮುಂದೆ ಇರಬೇಕು, ಸದ್ದು ಕೊಳವೆಯಲ್ಲಿ ಓಡಾಡುತ್ತೆ" ಎಂದ. ಅದು ಸುಳ್ಳಲ್ಲ, ಸದ್ದು ಓಡಾಡುತ್ತದೆ, ಇದ್ದರೆ. ಮತ್ತೆ ಹೆಡ್‌ಫೋನು, ಮತ್ತೆ ಆ ಮರ್ಯಾದೆ, ಮತ್ತೆ ಏನೂ ಇಲ್ಲ. ಎರಡನೆಯ ಗುಂಡಿಯೂ ಒಣಗಿದ್ದು. ಬಿಸಿಲು ನೆತ್ತಿಗೆ ಬಂದಿತ್ತು. ಕೊಲ್ಲಾಪುರಮ್ಮ ಗುಂಡಿಯಿಂದ ಎದ್ದು ಸೊಂಟ ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತಳು. ತನ್ನ ಮಾನ ಉಳಿಸಲು ಈ ಹೆಂಗಸು ಕಲ್ಲು ಹೊರುತ್ತಿದ್ದಾಳೆ. ಹೇಳಿಬಿಡಬೇಕು, ಈಗಲೇ, ನಾಲ್ಕೇ ಮಾತು. ಬಾಯಿ ತೆರೆದ. "ಇಲ್ಲಿ" ಎಂದು ಮೂರನೆಯ ಜಾಗ ತೋರಿಸಿದ. ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ತಡೆಯಲಾಗಲಿಲ್ಲ.

ಮೂರನೆಯದೂ ಒಣಗಿದ್ದೆಂದು ಕಂಡಾಗ ಗುರುಬಸವರಾಜನ ತಾಳ್ಮೆ ಮುಗಿಯಿತು. ಬಿಡಿಸಿ ಬಿಡಿಸಿ ಮಾತಾಡುವುದನ್ನು ಮರೆತ. ಅವನ ಬಾಯಿ ಈಗ ಬೇರೆಯವರ ಬಾಯಿಯಂತೆ ಬಡಬಡ ಆಡಿತು. ರೇಣುಕಪ್ರಸಾದನಿಗೆ ಸಿಕ್ಕಿದ್ದು ಕೊನೆಯ ತುಂಡು ಮಾತ್ರ: "...ಕೊಡ್ರಿ ಇಲ್ಲಿ, ನಾನೇ ಕೇಳ್ತೀನಿ." ಬಿಳಿ ಶರಟಿನ ತೋಳು ಮಡಚಿ, ಎರಡನೆಯ ಗುಂಡಿಯ ಆಚೆ ಧೂಳಿನಲ್ಲಿ ಮೊಣಕಾಲೂರಿ, ಹೆಡ್‌ಫೋನು ಕಿತ್ತುಕೊಂಡು ತಲೆಗೆ ಏರಿಸಿದ. ರೇಣುಕಪ್ರಸಾದ ಬರಿಗೈಯಲ್ಲಿ ನಿಂತ. ಇವತ್ತಿನವರೆಗೆ ಆ ಹೆಡ್‌ಫೋನನ್ನು ಯಾರೂ ಮುಟ್ಟಿರಲಿಲ್ಲ. ಮೈಮೇಲಿನ ಬಟ್ಟೆ ಬಿಚ್ಚಿಸಿಕೊಂಡವನ ಹಾಗೆ ನಾಚಿಕೆಯಾಯಿತು. ಎಲ್ಲಿ ಮುಖ ಇಡಬೇಕೆಂದು ತಿಳಿಯದೆ ಮಿಷನ್ ರೂಮಿನ ಒಳಗೆ ಹೋಗಿ, ಆಸರೆಗೆಂದು ಕೊಳವೆಯ ಮೇಲೆ ಕೈ ಇಟ್ಟ. ನಡುಕ ಕೈಗೆ ಬಂತು. ಇದಾದರೂ ಇನ್ನೂ ಮಾತಾಡುತ್ತಿದೆಯಲ್ಲ ಎನ್ನುವಷ್ಟರಲ್ಲಿ ನಡುಕ ಸಣ್ಣದಾಗುತ್ತ ಬಂದು, ಅಂಗೈಯ ಕೆಳಗೆ ನಿಂತುಹೋಯಿತು.

ತಿರುಗಿ ನೋಡಿದ. ಕೆಂಚೇಶ್ ಕಿಟಕಿಯಿಂದ ಅಂಗಳದ ಕಡೆ ಕತ್ತು ಚಾಚಿಕೊಂಡು, ಬೋರ್ಡಿನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದ.

"ಪಂಪು ಯಾಕೆ ನಿಲ್ಲಿಸಿದೆ?"

ಕೆಂಚೇಶ್ ಬೆಚ್ಚಿದ. ಹತ್ತಿರ ಬಂದು ಬಲಗಿವಿಗೇ ಬಾಯಿಟ್ಟು ಕೂಗಿದ, ಯಾವ ಕಿವಿ ಎಂದು ಮೊದಲೇ ಗೊತ್ತಿದ್ದವನ ಹಾಗೆ. "ಬೆಳಿಗ್ಗೆಯಿಂದ ನಿಲ್ಲಿಸ್ತಾನೇ ಇದೀನಿ ಸಾರ್! ಕಿವಿಗೆ ಅದನ್ನ ಹಾಕ್ಕಂಡು ಕೂತ ತಕ್ಷಣ ಬಂದ್ ಮಾಡೋದು, ತೆಗೆದ ತಕ್ಷಣ ಚಾಲೂ. ಈಗ ಸಾಹೇಬ್ರು ಕೂತ್ರಲ್ಲ, ಅದಕ್ಕೇ. ಕಂಪ್ರೆಸರ್ ನಿಲ್ಲಿಸಾಕೆ ಬರಲ್ಲ, ಐಸ್ ಹೋಕ್ಕತೆ. ಪಂಪಿನ ಗಲಾಟೆನಾದ್ರೂ ಕಮ್ಮಿ ಆಗ್ಲಿ ಅಂತ!"

ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದೇ ರೇಣುಕಪ್ರಸಾದ ನಕ್ಕುಬಿಟ್ಟ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಪಂಪು ನಿಂತರೆ ಒತ್ತಡವಿಲ್ಲ, ಒತ್ತಡವಿಲ್ಲದೆ ಸೋರುವ ನೀರಿಗೆ ಸದ್ದಿಲ್ಲ. ಹೆಣದ ನಾಡಿ ಹಿಡಿದು ಕೂತಿದ್ದ ಬೆಳಗಿನಿಂದ! ತನ್ನ ಕಿವಿ ಹೋಗಿರಲಿಲ್ಲ. ದೇವರೇ, ಹೋಗಿರಲಿಲ್ಲ! ಕೆಂಚೇಶನನ್ನು ತಬ್ಬಿಕೊಳ್ಳಬೇಕೆನಿಸಿತು. ಆಮೇಲೆ ನಗು ತಾನಾಗಿ ಇಳಿಯಿತು. ಅಂಗಳಕ್ಕೂ ಈ ಪಂಪಿಗೂ ನಡುವೆ ಒಂದು ಕಿಟಕಿ. ಕಿವಿಯಿದ್ದವನಾದರೆ, ಸದ್ದು ಕೇಳುವುದೇ ಕಸುಬಾದವನಾದರೆ, ಅದು ನಿಂತದ್ದು ತಕ್ಷಣ ಗೊತ್ತಾಗಬೇಕಿತ್ತು. ಅಷ್ಟು ಸಲ ನಿಂತಿದೆ, ಅಷ್ಟು ಸಲ ಶುರುವಾಗಿದೆ. ಅವನಿಗೆ ಒಂದು ಸಲವೂ ಗೊತ್ತಾಗಿಲ್ಲ.

"ನಿನಗೆ ಯಾರು ಹೇಳಿದ್ದು, ನಿಲ್ಲಿಸು ಅಂತ?"

ಕೆಂಚೇಶ್ ನೆಲ ನೋಡಿದ. ತುಟಿ ಅಲ್ಲಾಡಿತು.

"ಕೇಳಿಸಲಿಲ್ಲ. ಜೋರಾಗಿ ಹೇಳು."

"ಸಾಹೇಬ್ರು ಹೇಳಿದ್ರು ಸಾರ್. ನಿನ್ನೆ ಫೋನ್ ಮಾಡಿದಾಗ ನಿಮ್ಮನೆ ಅಮ್ಮಾರು ಹೇಳಿದ್ರಂತೆ. ನಮ್ಮನೇರಿಗೆ ಕಿವಿ ಸ್ವಲ್ಪ ಮಂದ, ಕೆಲಸ ಗೊತ್ತೈತೆ, ಅವ್ರು ಕೇಳಾಕೆ ಕೂತಾಗ ಯಾರೂ ಗಲಾಟೆ ಮಾಡಬ್ಯಾಡ್ರಿ, ಎದುರಿಗೆ ನಿಂತು ಬಿಡಿಸಿ ಮಾತಾಡ್ರಿ, ಎಡಗಡೆಯಿಂದ ಕೂಗಬ್ಯಾಡ್ರಿ ಅಂತ. ನಾನು ಹೇಳಿದ್ದು ಅಂತ ಮಾತ್ರ ಹೇಳಬ್ಯಾಡ್ರಿ, ಅವ್ರಿಗೆ ಬೇಜಾರಾಗ್ತತೆ ಅಂತ." ಕೆಂಚೇಶ್ ಇನ್ನೂ ಕಿವಿಯ ಹತ್ತಿರ ಬಂದ. "ಎಲ್ಲಾ ಕಡೆಗೂ ಹಂಗೇ ಹೇಳ್ತಾರಂತೆ ಸಾರ್. ಹೊನ್ನಾಳಿ ಕೋಲ್ಡ್ ಸ್ಟೋರೇಜ್‌ನೋರೂ ಸಾಹೇಬ್ರಿಗೆ ಅದನ್ನೇ ಹೇಳಿದ್ರು."

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ತಾನು. ಸುತ್ತ ಊರಿಗೆ ಊರೇ ನಿಂತು, ಪಾಪ ಕುಡಿಯಲಿ ಎಂದು ನೋಡುತ್ತಿತ್ತು. ಹೊನ್ನಾಳಿಯಲ್ಲಿ ಎಲ್ಲರೂ ಬಲಗಡೆಯೇ ನಿಂತು ಮಾತಾಡಿದ್ದು, ಸೂಳೆಕೆರೆಯ ಐಸ್ ಫ್ಯಾಕ್ಟರಿಯವರು ಪದೇ ಪದೇ ಸನ್ನೆ ಮಾಡುತ್ತಿದ್ದದ್ದು, ಅದನ್ನು ಮೀನಿನವರ ರೂಢಿ ಎಂದು ತಾನು ತಿಳಿದದ್ದು. ಗುರುಬಸವರಾಜನ ಒಳ್ಳೆಯ ಉಚ್ಚಾರಣೆ! ಮುಖ ಬಿಸಿಯಾಯಿತು. ಅವಮಾನ ಎಂದುಕೊಂಡ, ಅವಮಾನವೇ ಹೌದು, ಆದರೆ ಅದರ ಜೊತೆಗೆ ಇನ್ನೊಂದು ಏನೋ ಎದೆಯೊಳಗೆ ಏಳುತ್ತಿತ್ತು, ಅದಕ್ಕೆ ಹೆಸರು ತಿಳಿಯಲಿಲ್ಲ. ಮೋಸ ಹೋದಳೆಂದುಕೊಂಡಿದ್ದ ಹೆಂಗಸು, ಇವನು ಮನೆಯಲ್ಲಿಲ್ಲದ ಹೊತ್ತು ನೋಡಿ, ಗುರುತಿಲ್ಲದ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಗಂಡನ ಕಿವಿಯ ಬಗ್ಗೆ ಬೇಡಿಕೊಂಡಿದ್ದಾಳೆ. ಅಡಿಗೆಮನೆಯಲ್ಲಿ ಮಾತು ನಿಲ್ಲಿಸಿದ್ದು ಬೇಸರದಿಂದಲ್ಲ. ಕೇಳಿಸದ ಮಾತಿಗೆ ಇವನು ಹೂಂ ಎನ್ನುವ ಕಷ್ಟ ತಪ್ಪಲಿ ಎಂದು.

"ಪಂಪು ಹಾಕು" ಎಂದ. "ಇನ್ನು ನಿಲ್ಲಿಸಬೇಡ."

ಕೆಂಚೇಶ್ ಹಸಿರು ಗುಂಡಿ ಒತ್ತಿದ. ಹೊರಗೆ ಧೂಳಿನಲ್ಲಿ ಕೂತಿದ್ದ ಗುರುಬಸವರಾಜ್ ಚೇಳು ಕುಟುಕಿದವನಂತೆ ಹಾರಿ, ಹೆಡ್‌ಫೋನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಗಿದ. "ಏನ್ರೀ ಇದು! ಹಾವು ಬುಸುಗುಟ್ಟಿದಂಗೆ ಆಗ್ತತಲ್ರೀ!" ಮ್ಯಾನೇಜರ್ ಹಾರಿದ್ದು ನೋಡಿ ಕೊಲ್ಲಾಪುರಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ರೇಣುಕಪ್ರಸಾದ ಹೋಗಿ ಹೆಡ್‌ಫೋನು ಇಸಕೊಂಡು ಕಿವಿಗಿಟ್ಟ. ಬಲಗಿವಿಯ ತೀರಾ ಆಳದಲ್ಲಿ ಒಂದು ಸುಯ್ ಇತ್ತು, ಇದ್ದೂ ಇಲ್ಲದಷ್ಟು. ಕೇಳಿಸಿತೋ, ನೆನಪಾಯಿತೋ. ಸುತ್ತಲೂ ಎಲ್ಲರೂ ಅವನ ಮುಖ ನೋಡುತ್ತಿದ್ದರು. ಮತ್ತೆ ಬೆರಳು ತೋರಿಸಬಹುದಿತ್ತು, ಸರಿಯಾದ ಜಾಗಕ್ಕೇ ಬಿದ್ದರೂ ಬಿದ್ದೀತು. ಹೆಡ್‌ಫೋನು ತೆಗೆದು ಗುರುಬಸವರಾಜನ ತಲೆಗೆ ವಾಪಸು ಏರಿಸಿದ.

"ನನಗೆ ಸರಿಯಾಗಿ ಕೇಳಿಸಲ್ಲ. ನೀವು ಕೇಳಿ. ನಾನು ಸರಿಸ್ತಾ ಹೋಗ್ತೀನಿ, ಜೋರಾಯ್ತೋ ಕಮ್ಮಿ ಆಯ್ತೋ ಕೈಯಲ್ಲಿ ತೋರಿಸಿ."

ಯಾರೂ ಆಶ್ಚರ್ಯಪಡಲಿಲ್ಲ. ಅಂಥ ದೊಡ್ಡ ಮಾತಿಗೆ ಆಕಾಶ ಕಳಚಿ ಬೀಳಬಹುದೆಂದುಕೊಂಡಿದ್ದವನಿಗೆ ಅದೇ ಒಂದು ಪೆಟ್ಟು. ಇಬ್ಬರೂ ಮೊಣಕಾಲ ಮೇಲೆ ತೆವಳಿದರು. ಇವನು ಗೇಣುಗೇಣಾಗಿ ಮೈಕು ಸರಿಸಿದ, ಗುರುಬಸವರಾಜ್ ಕೈ ಮೇಲೆತ್ತಿದ, ಕೆಳಗಿಳಿಸಿದ, ಒಂದು ಕಡೆ ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದ. ಅದು ಮೊದಲ ಗುಂಡಿಯಿಂದ ಒಂದು ಮಾರು ಆಚೆ. ಪಾಲಣ್ಣ ಅಗೆದ. ಸ್ವಲ್ಪ ಹೊತ್ತಿಗೆ ಗುದ್ದಲಿಗೆ ಕೆಸರು ಮೆತ್ತಿತು. ಪಾಲಣ್ಣ ಒಳಗೆ ಕಾಲಿಟ್ಟವನೇ "ಅಯ್ಯಪ್ಪಾ, ಐಸು!" ಎಂದು ಹಾರಿ ಮೇಲೆ ಬಂದ. ಪಂಪು ನಿಲ್ಲಿಸಿ, ನೀರು ಮೊಗೆದು ಹಾಕಿ, ರೇಣುಕಪ್ರಸಾದ ಒಳಗಿಳಿದ. ನೆನೆದು ಕೊಳೆತ ಹೊದಿಕೆ ಕುಯ್ದು ತೆಗೆದಾಗ ಕೆಳಗೆ ಕಬ್ಬಿಣ ತುಕ್ಕು ತಿಂದು, ಕಡ್ಡಿ ತೂರುವಷ್ಟು ತೂತು. ತುಕ್ಕು ಕೆರೆದು, ರಬ್ಬರ್ ಇಟ್ಟು, ಕ್ಲಾಂಪ್ ಹಾಕಿ ನಟ್ಟು ಬಿಗಿದ. ಕೈ ಮರಗಟ್ಟಿತ್ತು, ಆದರೂ ಕೈಗೆ ಎಲ್ಲ ಗೊತ್ತಿತ್ತು. ಪಂಪು ಹಾಕಿಸಿ ನೋಡಿದ, ಒಂದು ಹನಿ ಬರಲಿಲ್ಲ. ಹೊಸ ಹೊದಿಕೆ ಸುತ್ತಿ ಮೇಲೆ ಬಂದ. ಹಾಲಿನ ಮೊದಲ ಗಾಡಿ ಗೇಟಿನೊಳಗೆ ಬರುತ್ತಿತ್ತು.

ಗುರುಬಸವರಾಜ್ ಗಾಡಿಯ ಕಡೆ ಓಡಿದ. ಪಾಲಣ್ಣ ಮಣ್ಣು ಮುಚ್ಚುತ್ತಿದ್ದ. ಕೊಲ್ಲಾಪುರಮ್ಮ ಗೋಡೆಯ ನೆರಳಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ರೇಣುಕಪ್ರಸಾದ ಅವಳ ಹತ್ತಿರ ಹೋಗಿ, ಸುಮ್ಮನೆ ಅಷ್ಟು ಅಗೆಸಿದೆ ನಿಮ್ಮ ಕೈಲಿ, ತಪ್ಪಾಯ್ತಮ್ಮ ಎಂದ. ಅವಳು ಏನೋ ಹೇಳಿ ಕೈಯಾಡಿಸಿದಳು, ಬಿಡ್ರಿ ಅತ್ಲಾಗೆ ಎನ್ನುವ ಹಾಗೆ. ಅವಳ ಮಡಿಲಲ್ಲಿ ಮೊಬೈಲಿತ್ತು. ಮನೆಗೆ ಒಂದು ಫೋನು ಮಾಡಬೇಕಿತ್ತು ಎಂದು ಕೇಳಿದ, ನಂಬರು ಹೇಳಿದ. ಅವಳೇ ಒತ್ತಿ ಕೊಟ್ಟಳು. ಕಿವಿಗಿಟ್ಟುಕೊಂಡ. ರಿಂಗಾಗುತ್ತಿದೆಯೋ, ಎತ್ತಿದಳೋ, ಒಂದೂ ತಿಳಿಯಲಿಲ್ಲ. ಕೊಲ್ಲಾಪುರಮ್ಮ ಬಗ್ಗಿ ನೋಡಿ, ಎತ್ತಿದ್ದಾರೆ ಎಂದು ತಲೆಯಾಡಿಸಿದಳು.

"ಶಿವಲೀಲಾ, ನಾನು. ನೀನು ಏನಂತಿದೀಯೋ ನನಗೆ ಕೇಳ್ತಿಲ್ಲ. ನನಗೆ ಕಿವಿ ಕೇಳಲ್ಲ ಕಣೇ. ನಿನಗೆ ಗೊತ್ತಿತ್ತಂತೆ."

ಕಾದ. ಫೋನಿನಲ್ಲಿ ಏನೂ ಇಲ್ಲ. ಅವಳು ಸುಮ್ಮನಿದ್ದಾಳೋ, ಮೆಲ್ಲಗೆ ಮಾತಾಡುತ್ತಿದ್ದಾಳೋ, ಲೈನೇ ಹೋಯಿತೋ. ಕೊಲ್ಲಾಪುರಮ್ಮನ ಕೈಗೆ ಕೊಟ್ಟು, ಕಟ್ ಆಯ್ತಾ ನೋಡಮ್ಮ ಎಂದ. ಅವಳು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿದಳು. ಬಾಯೊಳಗಿನ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಎದ್ದು ಅವನ ಬಲಗಡೆಗೆ ಬಂದು, "ಕಟ್ ಆಗಿಲ್ರೀ. ಅಳ್ತಾ ಅದಾರೆ" ಎಂದಳು.

"ಏನಂತಾಳೆ?"

"ಏನೂ ಅನ್ನವಲ್ರು. ಬರೇ ಅಳ್ತಾ ಅದಾರೆ."

ಅವನು ಫೋನು ಇಸಕೊಂಡು ಮತ್ತೆ ಬಲಗಿವಿಗೆ ಒತ್ತಿ ಹಿಡಿದ. ಅಂಗಳದಲ್ಲಿ ಕ್ಯಾನುಗಳನ್ನು ಇಳಿಸುತ್ತಿದ್ದರು. ಎಷ್ಟು ಒತ್ತಿದರೂ ಅವಳ ಅಳು ಅವನಿಗೆ ಕೇಳಿಸಲಿಲ್ಲ. ಆದರೂ ಫೋನು ಇಡಲಿಲ್ಲ.